ರುಮೈಥಿಯಾದಲ್ಲಿ ದೃಷ್ಟಿ ತೆಗೆದ ಸಂಜೆ

ಆ ದಿನ ಮಾಡಿದ ಕೆಲಸಗಳಿವು. ಬೆಳಗ್ಗೆ ಎದ್ದು ಹಾಲು ಕಾಯಿಸಿದೆ. ಯಜಮಾನರಿಗೆ ಚಪಾತಿ, ಬದನೆಕಾಯಿ ಪಲ್ಯ ಕಟ್ಟಿಕೊಟ್ಟು ಮೀನಾ ಅಬ್ದುಲ್ಲಾದ ರಿಫೈನರಿಗೆ ಹೋಗುವ ಬಸ್ಸಿಗೆ ಕಳಿಸಿದೆ. ಮಗಳನ್ನು ಎಬ್ಬಿಸಿದೆ, ಮತ್ತೊಮ್ಮೆ ಎಬ್ಬಿಸಿದೆ. ಮಷೀನಿಗೆ ಬಟ್ಟೆ ಹಾಕಿದೆ. ಕೀನ್ಯಾದ ಕೆಂಪು ಧೂಳು ಕಾಲುಚೀಲಗಳನ್ನು ಇನ್ನೂ ಬಿಟ್ಟಿರಲಿಲ್ಲ. ದೋಸೆಗೆ ನೆನೆಹಾಕಿದೆ. ಕಿಟಕಿಯ ಸಂದಿಯಲ್ಲಿ ಕೂತ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದೆ. ಮೂಲೆಯ ಬಕಾಲಾ ಅಂಗಡಿಗೆ ಫೋನ್ ಮಾಡಿ ಮೊಸರು, ಕೊತ್ತಂಬರಿ ತರಿಸಿದೆ. ನಾಯಿಯ ಮುಂದೆ ಮೊಸರನ್ನ ಇಟ್ಟೆ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ಚೆಲ್ಲಿದೆ. ಮಧ್ಯಾಹ್ನ ಮತ್ತೆ ಇಟ್ಟೆ, ಮತ್ತೆ ಚೆಲ್ಲಿದೆ. ಸಂಜೆ ಕಲ್ಲುಪ್ಪು, ಒಣಮೆಣಸಿನಕಾಯಿ, ಸಾಸಿವೆಯನ್ನು ಒಂದು ಕಾಗದದಲ್ಲಿ ತೆಗೆದಿಟ್ಟುಕೊಂಡೆ.

ನಾಯಿ ಊಟ ಬಿಟ್ಟಿದ್ದ. ನನ್ನ ಭಯವೆಲ್ಲ ಅದೇ. ಮನುಷ್ಯರಾದರೆ ಹೊಟ್ಟೆ ನೋವು, ತಲೆ ನೋವು ಅನ್ನುತ್ತಾರೆ; ಇವನು ಗೋಡೆಗೆ ಬೆನ್ನು ಒತ್ತಿಕೊಂಡು ಮಲಗಿ ನನ್ನನ್ನೇ ನೋಡುತ್ತಿದ್ದ. ಪಕ್ಕೆಲುಬು ಕೈಗೆ ಸಿಗತೊಡಗಿತ್ತು. ಶುವೈಖ್ ಕಡೆಯ ಪ್ರಾಣಿವೈದ್ಯರಿಗೆ ತೋರಿಸಿ ಬಂದಿದ್ದೆವು. ರಕ್ತ ನೋಡಿದರು, ಹಲ್ಲು ನೋಡಿದರು, ಏನೂ ಇಲ್ಲ ಎಂದರು. ಏನೂ ಇಲ್ಲ ಅಂದ ಮೇಲೆ ನನಗೆ ಹೆದರಿಕೆ ಹೆಚ್ಚಾಯಿತು.

ಇವನು ಸುಮ್ಮನೆ ಮಲಗುವ ನಾಯಿಯೇ ಅಲ್ಲ. ಯಜಮಾನರ ಇಂಗ್ಲಿಷ್ ಬಾಸು ಕುವೈತ್ ಬಿಟ್ಟು ಹೋಗುವಾಗ ನಮಗೆ ಒಪ್ಪಿಸಿ ಹೋದ ಗಿಡ್ಡ ಕಾಲಿನ ಕಂದು ನಾಯಿ. ಬಂದ ವಾರದಲ್ಲೇ ಮನೆಯ ಅಧಿಕಾರ ತೆಗೆದುಕೊಂಡ. ಟೀವಿ ಎಷ್ಟು ಹೊತ್ತಿಗೆ ಆರಿಸಬೇಕು, ಸೋಫಾದಲ್ಲಿ ಯಾರು ಎಲ್ಲಿ ಕೂರಬೇಕು, ಸಂಜೆ ಯಾವ ಬೀದಿಯಲ್ಲಿ ನಡೆಯಬೇಕು, ಎಲ್ಲ ಅವನದೇ ತೀರ್ಮಾನ. ನಾನು, ಯಜಮಾನರು ಸ್ವಲ್ಪ ದನಿ ಏರಿಸಿ ಮಾತಾಡಿದರೆ ನಡುವೆ ಬಂದು ನಿಂತು ಇಬ್ಬರಿಗೂ ಬೊಗಳುತ್ತಿದ್ದ. ಎತ್ತಿಕೊಳ್ಳಲು ಹೋದವರ ಕೈಗೆ ಬಾಯಿ ಹಾಕುತ್ತಿದ್ದ. ಮನೆಯಲ್ಲಿ ಅವನನ್ನು ದೊಡ್ಡೋರು ಎಂದೇ ಕರೆಯುತ್ತಿದ್ದೆವು. "ದೊಡ್ಡೋರು ಎದ್ರಾ?" "ದೊಡ್ಡೋರಿಗೆ ಹಾಲಾಯ್ತಾ?"

ಇಂಗ್ಲಿಷಿನಲ್ಲಿ ಬೆಳೆದ ನಾಯಿ, ನಮ್ಮ ಮಾತು ತಿಳಿಯುವುದಿಲ್ಲವೇನೋ ಎಂದು ನಾನು ಅಂದರೆ ಮಗಳು ನಗುತ್ತಿದ್ದಳು. "ಕನ್ನಡ ಎಲ್ಲಾ ಅರ್ಥ ಆಗತ್ತೆ ಅಮ್ಮಾ. ಹಿ ಜಸ್ಟ್ ಡಸಂಟ್ ಅಗ್ರೀ."

ಅವಳೂ ಹಾಗೆಯೇ. ಅದನ್ನು ನಾನು ಹೇಳಲಿಲ್ಲ.

ಕೀನ್ಯಾಕ್ಕೆ ಹೋಗಬೇಕೆಂದು ಹಟ ಹಿಡಿದವಳೂ ಅವಳೇ. ಈದ್ ರಜೆಗೆ ಹೋಗಿಬಂದೆವು. ಅಲ್ಲಿ ಎಲ್ಲರೂ ಹಿಗ್ಗಿದರು, ನಾನೊಬ್ಬಳು ಹೆದರಿದೆ. ತಪ್ಪಿಸಿಕೊಳ್ಳಲು ಜಾಗವೇ ಇಲ್ಲದಷ್ಟು ವಿಶಾಲವಾದ ಬಯಲು ಅದು. ಎರಡನೆಯ ದಿನ ಒಂದು ಗಂಡು ಸಿಂಹ ಹುಲ್ಲಿನಿಂದ ಎದ್ದು ನೇರ ನಮ್ಮ ಸಫಾರಿ ವ್ಯಾನಿನ ಹತ್ತಿರ ಬಂದು ಅದರ ನೆರಳಿನಲ್ಲೇ ಮಲಗಿತು. ನನ್ನ ಕಿಟಕಿಯ ಕೆಳಗೆ. ಡ್ರೈವರ್ ಇಂಜಿನ್ ಆರಿಸಿ ಪಿಸುದನಿಯಲ್ಲಿ ಹೇಳಿದ: ಅದರ ಕಣ್ಣಿಗೆ ಗಾಡಿ, ನಾವು ಎಲ್ಲ ಸೇರಿ ಒಂದೇ ದೊಡ್ಡ ಪ್ರಾಣಿ, ಇಳಿದರೆ ಮಾತ್ರ ನೀವು ಬೇರೆಯಾಗುತ್ತೀರಿ. ಓಡಿದರಂತೂ ಮುಗಿಯಿತು. ಯಜಮಾನರು ಮೇಲಿನ ತೆರೆದ ಚಾವಣಿಯಿಂದ ತಲೆ ಹೊರಗೆ ಹಾಕಿ ಫೋಟೋ ತೆಗೆದದ್ದೇ ತೆಗೆದದ್ದು. ನಾನು ತೊಡೆಯ ಮೇಲಿದ್ದ ಪುಳಿಯೋಗರೆ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅದರ ಉಸಿರಾಟ ಕೇಳುತ್ತ ಕೂತಿದ್ದೆ. ಉಸಿರು ಎಳೆದಾಗ ಒಂದು ಸದ್ದು, ಬಿಟ್ಟಾಗ ಇನ್ನೊಂದು. ಬೆಳಗಿನ ಜಾವ ಟೆಂಟಿನಲ್ಲಿ ಮಲಗಿದ್ದಾಗ ದೂರದಿಂದ ಅವುಗಳ ಕೂಗೂ ಕೇಳುತ್ತಿತ್ತು. ಸಿನಿಮಾದ ಗರ್ಜನೆಯಲ್ಲ ಅದು. ಖಾಲಿ ಹಂಡೆಯೊಳಗೆ ಮುಖ ಇಟ್ಟು ಯಾರೋ ನರಳಿದ ಹಾಗೆ, ನಡುನಡುವೆ ಕೆಮ್ಮಿದ ಹಾಗೆ. ಪಕ್ಕದಲ್ಲಿ ಯಜಮಾನರು ಗೊರಕೆ ಹೊಡೆಯುತ್ತಿದ್ದರು.

ಆ ವಾರವೆಲ್ಲ ನಾಯಿಯನ್ನು ನೋಡಿಕೊಂಡವಳು ಪಕ್ಕದ ಮನೆಯ ನರ್ಸು. ಮಂಗಳೂರಿನ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ರುಮೈಥಿಯಾದ ಒಂದೇ ವಿಲ್ಲಾದ ಕೆಳಮನೆಯನ್ನು ಎರಡು ಭಾಗ ಮಾಡಿ ನಮಗೂ ಅವರಿಗೂ ಬಾಡಿಗೆಗೆ ಕೊಟ್ಟಿದ್ದರು. ಬೀದಿಯ ಕಬ್ಬಿಣದ ಗೇಟು ಇಬ್ಬರಿಗೂ ಒಂದೇ. ನಾವು ವಾಪಸು ಬಂದ ದಿನ ಅವಳು ನಗುತ್ತ ದೂರು ಹೇಳಿದಳು.

"ನಿಮ್ಮ ನಾಯಿ ನನ್ನ ಗಂಡನನ್ನು ಸೋಫಾದಿಂದ ಎಬ್ಬಿಸಿ ವಾಕಿಂಗಿಗೆ ಕರ್ಕೊಂಡು ಹೋಗಿದೆ ಅಕ್ಕಾ! ನಾನು ಮದುವೆ ಆದಂದಿನಿಂದ ಟ್ರೈ ಮಾಡಿದ್ದು, ಆಗಿರ್ಲಿಲ್ಲ."

ಅಂದರೆ ಆಗಿನ್ನೂ ಚೆನ್ನಾಗಿಯೇ ಇದ್ದ. ನಾವು ಬಂದ ಮೇಲೂ ಕೆಲವು ದಿನ ಮೊದಲಿನಂತೆಯೇ ಇದ್ದ. ನಾನು ಪರಿಚಯದವರಿಗೆಲ್ಲ ಕೀನ್ಯಾದ ಚಹಾಪುಡಿ ಹಂಚಿ, ಸಿಂಹದ ಕಥೆ ಹೇಳಿ, ಫೋಟೋ ತೋರಿಸುತ್ತಿದ್ದಾಗ ಕಾಲ ಬಳಿ ಕೂತು ಆಕಳಿಸುತ್ತಿದ್ದ. ಆಮೇಲೆ ಒಂದು ಬೆಳಗ್ಗೆ, ನಾನು ಒಲೆಯ ಮುಂದಿದ್ದಾಗ, ಆ ಸದ್ದು ಕೇಳಿತು.

ಎದುರುಮನೆಯ ಎತ್ತರದ ಗೋಡೆಯಾಚೆಯಿಂದ. ಸಣ್ಣದಾಗಿ, ಹರಿದು ಹರಿದು, ಆದರೆ ಅದೇ ಹಂಡೆ, ಅದೇ ನರಳಿಕೆ. ಕೈಯಲ್ಲಿದ್ದ ಸೌಟು ನಿಂತಿತು. ನಾಯಿ ಅಡುಗೆಮನೆಯ ನಡುವೆ ಕಿವಿ ಹಿಂದಕ್ಕೆ ಮಡಚಿಕೊಂಡು ನಿಂತಿದ್ದ. ನಿಂತಲ್ಲೇ ನೆಲ ಒದ್ದೆ ಮಾಡಿದ. ಮರಿಯಾಗಿದ್ದಾಗಲೂ ಹಾಗೆ ಮಾಡಿದವನಲ್ಲವೆಂದು ಬಾಸಿನ ಹೆಂಡತಿ ಹೇಳಿಕೊಂಡಿದ್ದ ನಾಯಿ ಅವನು.

ಸಂಜೆ ಯಜಮಾನರಿಗೆ ಹೇಳಿದೆ.

"ಚಿಲ್ಲರ್ ಕಣೇ ಅದು. ಎದುರುಮನೆಯವರ ಏಸಿ ಚಿಲ್ಲರ್ ಬೇರಿಂಗ್ ಹೋಗಿದೆ. ನನಗೆ ಹೇಳ್ತೀಯಾ? ದಿನಾ ಕಂಪ್ರೆಸರ್ ನಡುವೆ ಬದುಕೋನು ನಾನು."

"ಚಿಲ್ಲರ್ ಕೆಮ್ಮತ್ತಾ?"

"ಬೇರಿಂಗ್ ಹೋದ್ರೆ ಕೆಮ್ಮತ್ತೆ."

ಮಗಳು ಫೋನಿನಿಂದ ತಲೆ ಎತ್ತಲಿಲ್ಲ. "ಅಮ್ಮಾ, ಯು ಆರ್ ಸ್ಟಿಲ್ ಇನ್ ಕೀನ್ಯಾ."

ಇರಬಹುದು ಅನ್ನಿಸಿತು. ಅಲ್ಲಿಂದ ಬಂದ ಮೇಲೆ ನಿದ್ದೆಯಲ್ಲಿ ಬೆಚ್ಚಿಬೀಳುತ್ತಿದ್ದೆ. ಹೆದರಿದ ಮನಸ್ಸಿಗೆ ಎಲ್ಲ ಸದ್ದೂ ಅದೇ ಸದ್ದು. ಯಜಮಾನರು ಹೇಳಿದ್ದನ್ನು ನಂಬಿದೆ, ನಂಬುವುದು ಹಿತವಾಗಿತ್ತು. ಆದರೆ ಸದ್ದು ಆಗಾಗ ಕೇಳುತ್ತಲೇ ಇತ್ತು, ನಾಯಿ ಊಟ ಬಿಟ್ಟ, ಬೊಗಳುವುದನ್ನೂ ಬಿಟ್ಟ. ನಾನು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಡುಗುತ್ತ ನಿಲ್ಲುತ್ತಿದ್ದ. ಟೀವಿ ಎಷ್ಟು ಹೊತ್ತಿಗೆ ಆರಿಸಿದರೂ ಕೇಳುವವರಿರಲಿಲ್ಲ. ಆ ಸುಮ್ಮನಿರುವಿಕೆ ನಮಗೆ ಯಾರಿಗೂ ಹಿಡಿಸಲಿಲ್ಲ. ಯಜಮಾನರು ಒಂದು ಸಂಜೆ ಬೇಕೆಂದೇ ದನಿ ಏರಿಸಿ ನನ್ನನ್ನು ಬೈದು ನೋಡಿದರು. ನಾಯಿ ಏಳಲೂ ಇಲ್ಲ.

ನರ್ಸು ಅವನ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು, ವಸಡು ಒತ್ತಿ ನೋಡಿದಳು. "ಡಾಕ್ಟರು ಎಂತ ಇಲ್ಲ ಅಂದ್ರಲ್ಲ? ಹಾಗಾದ್ರೆ ಇದು ದೃಷ್ಟಿ ಅಕ್ಕಾ. ಆ ಎದುರುಮನೆ ಹುಡುಗ ಇವನನ್ನು ನೋಡಿ ಹೆಲೂ ಹೆಲೂ ಅಂತ ಫೋಟೋ ತೆಗೆದಿದ್ದಾನಲ್ಲ, ನೀವು ಇಲ್ಲದಾಗ. ಹಾಗೆ ಅರಬ್ಬಿಯಲ್ಲಿ ಚಂದ ಅಂತ ಹೇಳಿದ್ದೇ ಬಿದ್ದದ್ದು."

"ನೀನು ನರ್ಸು ಕಣೇ."

"ನರ್ಸು ಹೌದು. ಎಂಟು ಗಂಟೆ ಡ್ಯೂಟಿಯಲ್ಲಿ ನರ್ಸು. ನಿಮ್ಮಲ್ಲಿ ಉಪ್ಪು ಮೆಣಸು ಇಲ್ವಾ, ನಾನು ಕೊಡ್ಬೇಕಾ?"

ಹೀಗೆ ಆ ಸಂಜೆ ಕಾಗದದಲ್ಲಿ ಉಪ್ಪು, ಮೆಣಸಿನಕಾಯಿ, ಸಾಸಿವೆ. ನಮ್ಮಮ್ಮ ಆದರೆ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಇಲ್ಲಿ ಹಿಂದೊಮ್ಮೆ ಒಗ್ಗರಣೆಯಲ್ಲಿ ಮೆಣಸಿನಕಾಯಿ ಸೀದು ಮೇಲಿನ ಮನೆಯವರೆಲ್ಲ ಕೆಮ್ಮುತ್ತ ಕೆಳಗಿಳಿದು ಬಂದಿದ್ದರು. ಹಾಗಾಗಿ ಇನ್ನೊಂದು ಕ್ರಮ: ಮೂರು ದಾರಿ ಕೂಡುವ ಕಡೆ ಎಸೆದು, ಹಿಂದೆ ತಿರುಗಿ ನೋಡದೆ ಬರಬೇಕು. ತಿರುಗಿ ನೋಡಿದರೆ ಬಿಟ್ಟು ಬಂದದ್ದು ಮತ್ತೆ ಬೆನ್ನು ಹತ್ತುತ್ತದೆ. ಮನೆ ಸೇರಿದ ಮೇಲೆ ಕಾಲು ತೊಳೆದೇ ಒಳಗೆ ಬರಬೇಕು. ಇದಿಷ್ಟನ್ನು ಚಿಕ್ಕಂದಿನಲ್ಲಿ ಕಲಿತವಳು ನಾನು, ಕಾರಣ ಕೇಳಿದವಳಲ್ಲ.

ನಿವಾಳಿಸುವಾಗ ಅವನು ನನ್ನ ಮುಷ್ಟಿಯನ್ನು ಮೂಸಿ ಮುಖ ತಿರುಗಿಸಿದ. ಬಿಟ್ಟು ಹೊರಡಲು ನೋಡಿದರೆ ಬಾಗಿಲಿಗೆ ಅಂಟಿಕೊಂಡು ಕುಂಯ್‌ಗುಟ್ಟಿದ. ದೃಷ್ಟಿ ತೆಗೆಸಿಕೊಂಡವರನ್ನೇ ಎಸೆಯುವ ಜಾಗಕ್ಕೆ ಕರೆದುಕೊಂಡು ಹೋಗುವುದುಂಟೇ? ಆದರೂ ಬೇರೆ ದಾರಿ ಕಾಣದೆ ಬೆಲ್ಟು ಹಾಕಿ ಕರೆದುಕೊಂಡು ಹೊರಟೆ. ಮಗಳಿಗೆ ಕೂಗಿ ಹೇಳಿದೆ. ಅವಳ ಕಿವಿಯಲ್ಲಿ ಹಾಡು. ನರ್ಸು ಹಿಂದಿನಿಂದ, "ನೀರು ಹಿಡ್ಕೊಂಡು ಗೇಟಿನ ಹತ್ರವೇ ಇರ್ತೇನೆ, ನೀವು ಹೋಗಿ," ಎಂದು ಗೇಟಿನ ಚಿಲಕ ಹಾಕಿಕೊಂಡಳು. ಬೀದಿಬೆಕ್ಕುಗಳು ಒಳಗೆ ನುಗ್ಗುತ್ತವೆಂದು ಆ ಚಿಲಕ ಯಾವಾಗಲೂ ಹಾಕಿಯೇ ಇರುತ್ತಿತ್ತು.

ಮಗ್ರಿಬ್ ನಮಾಜಿನ ಹೊತ್ತು. ಗಂಡಸರೆಲ್ಲ ಮಸೀದಿಗೆ ಹೋಗಿ ಬೀದಿ ಖಾಲಿ. ಬಿಸಿಲು ಹೋಗಿದ್ದರೂ ಬೆಳಕು ಇತ್ತು. ಎರಡೂ ಬದಿಗೆ ನಿಂತ ಕಾರುಗಳು, ಗೋಡೆಯಿಂದ ಇಳಿಬಿದ್ದ ಕಾಗದದ ಹೂವಿನ ಬಳ್ಳಿ. ಕಸದ ದೊಡ್ಡ ಡಬ್ಬಿಯ ಮೇಲೆ ದಿನವೂ ಸಾಲಾಗಿ ಕೂರುವ ಬೆಕ್ಕುಗಳು ಅಂದು ಒಂದೂ ಇರಲಿಲ್ಲ. ಅದನ್ನು ನೋಡಿದೆ, ಆದರೆ ಅದಕ್ಕೊಂದು ಅರ್ಥವಿರಬಹುದೆಂದು ಹೊಳೆಯಲಿಲ್ಲ. ಮೂರು ದಾರಿ ಸೇರುವಲ್ಲಿ ಪೊಟ್ಟಣ ಬಿಚ್ಚಿ ಎಸೆದೆ. ಇವನ ಮೇಲಿನದೆಲ್ಲ ಹೋಗಲಿ, ಒಂದು ತುತ್ತು ತಿನ್ನಲಿ ಅಂದುಕೊಂಡೆ. ತಿರುಗಿ ಮನೆಯ ಕಡೆ ಹೆಜ್ಜೆ ಹಾಕಿದೆ.

ನಾಲ್ಕು ಹೆಜ್ಜೆ ಹೋಗಿರಬೇಕು, ನಾಯಿ ನಿಂತ. ಕತ್ತು ಹಿಂದಕ್ಕೆ ತಿರುಗಿಸಿ ನಿಂತ. ಬೆನ್ನಿನ ಕೂದಲು ಬಾಲದವರೆಗೂ ಎದ್ದಿತ್ತು.

"ನೋಡ್ಬಾರದು ಕಣೋ, ಬಾ," ಎಂದು ಎಳೆದೆ.

ಬರಲಿಲ್ಲ. ಹಿಂದಿನಿಂದ ಒಂದು ಸದ್ದು. ಡಾಂಬರಿನ ಮೇಲೆ ಸರಪಳಿ ಎಳೆದ ಸದ್ದು. ಯಾರದೋ ಸೈಕಲ್ಲು, ಯಾವನೋ ಕಸದ ಡಬ್ಬಿ ಎಳೆಯುತ್ತಿದ್ದಾನೆ, ಹೀಗೆಲ್ಲ ಸಮಾಧಾನ ಹೇಳಿಕೊಂಡೆ. ತಿರುಗಿ ನೋಡಿದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ. ನೋಡಿದರೆ ಮಾಡಿದ್ದೆಲ್ಲ ವ್ಯರ್ಥ, ಇವನು ಉಳಿಯುವುದಿಲ್ಲ ಅನ್ನುವುದೊಂದೇ ತಲೆಯಲ್ಲಿ. ಸರಪಳಿ ನಿಂತಿತು. ಆಮೇಲೆ ಉಸಿರು ಕೇಳಿತು. ಎಳೆದಾಗ ಒಂದು ಸದ್ದು, ಬಿಟ್ಟಾಗ ಇನ್ನೊಂದು.

ಅದು ಯಾವ ಉಸಿರೆಂದು ನನ್ನ ಮೈಗೆ ಮೊದಲು ತಿಳಿಯಿತು. ಈಗ ತಿರುಗಬೇಕೆಂದರೂ ಕತ್ತು ತಿರುಗುತ್ತಿರಲಿಲ್ಲ. ಮುಂದೆ ಒಂದು ಕಪ್ಪು ಗಾಜಿನ ದೊಡ್ಡ ಕಾರು ನಿಂತಿತ್ತು. ಅದರ ಹಿಂಗಾಜಿನಲ್ಲಿ ಬೀದಿಯ ಪ್ರತಿಬಿಂಬ ಕಾಣುತ್ತಿತ್ತು. ನಾನು, ನಾಯಿ, ನಮ್ಮ ಹಿಂದೆ ಮೂರು ದಾರಿ ಕೂಡುವ ಜಾಗ. ಅಲ್ಲಿ ಅದು ತಲೆ ತಗ್ಗಿಸಿ ನಿಂತಿತ್ತು. ದೊಡ್ಡ ಕರುವಿನಷ್ಟಿತ್ತು. ಕೇಸರ ಇನ್ನೂ ಮೂಡಿರಲಿಲ್ಲ. ಕೊರಳಲ್ಲಿ ಪಟ್ಟಿ, ಪಟ್ಟಿಯಿಂದ ತುಂಡಾದ ಸರಪಳಿ. ನಾನು ಎಸೆದ ಕಲ್ಲುಪ್ಪನ್ನು ನೆಕ್ಕುತ್ತಿತ್ತು.

ಓಡಿದರೆ ಮುಗಿಯಿತು. ಗಾಡಿಯೊಳಗಿದ್ದರೆ ಒಂದೇ ಪ್ರಾಣಿ. ನಮಗೆ ಗಾಡಿ ಇರಲಿಲ್ಲ. ನಾಯಿ ನಾಲ್ಕು ಕಾಲನ್ನೂ ನೆಲಕ್ಕೆ ಊರಿ ಕಲ್ಲಾಗಿದ್ದ. ಬೆಲ್ಟು ಎಳೆದರೆ ಕೊರಳು ಬಿಗಿಯುತ್ತಿತ್ತೇ ಹೊರತು ಕಾಲು ಕದಲುತ್ತಿರಲಿಲ್ಲ. ಬೆಲ್ಟು ಬಿಟ್ಟು ನಾನು ನಡೆದುಬಿಡಬಹುದಿತ್ತು. ಆ ಯೋಚನೆ ಬಂದದ್ದು ನಿಜ, ಬಂದಷ್ಟೇ ಬೇಗ ಹೋಯಿತು. ಬಾಗಿ ಅವನನ್ನು ಎತ್ತಿಕೊಂಡೆ. ಅವನು ನನ್ನ ಹೆಬ್ಬೆರಳ ಬುಡಕ್ಕೆ ಬಾಯಿ ಹಾಕಿ ಹಲ್ಲು ಊರಿದ. ಎಂದಿನ ಹಾಗೆ ಎಚ್ಚರಿಕೆಗೆ ಅಲ್ಲ. ಪೂರ್ತಿ ಕಚ್ಚಿದ, ಕಚ್ಚಿದ್ದನ್ನು ಬಿಡಲಿಲ್ಲ. ನಾನೂ ಬಿಡಲಿಲ್ಲ. ಅವನ ಎದೆ ನನ್ನ ಎದೆಗೆ ಬಡಿಯುತ್ತಿತ್ತು. ಹಾಗೆಯೇ ನಡೆದೆ, ತರಕಾರಿ ತಂದು ಮನೆಗೆ ಹೋಗುವವಳ ಹಾಗೆ. ಹಿಂದೆ ಒಂದು ದೊಡ್ಡ ಸೀನು ಕೇಳಿತು, ತಕ್ಷಣ ಮತ್ತೊಂದು. ಮೆಣಸಿನಕಾಯಿ.

ಗೇಟು ತಟ್ಟಿದೆ. ಒಳಗಿಂದ ಚಿಲಕ ಸರಿಯಿತು, ಗೇಟು ಒಂದು ಗೇಣು ತೆರೆಯಿತು, ಸಂದಿಯಿಂದ ನೀರಿನ ಮಗ್ಗು ಹೊರಗೆ ಬಂತು.

"ಕಾಲು ಚಾಚಿ ಅಕ್ಕಾ."

"ಬಾಗ್ಲು ತೆಗಿಯೇ!"

"ಮಾತಾಡ್ಬೇಡಿ ಮಾರಾಯ್ರೆ, ಮೊದಲು ಕಾಲು. ಹಿಮ್ಮಡಿಗೆ ಸರಿ ನೀರು ಬೀಳ್ಬೇಕು."

"ಸಿಂಹ ಇದೆ ಕಣೇ!"

"ಅಯ್ಯೋ, ಪುನಃ ಶುರುವಾಯ್ತಾ?"

ಅವಳು ನಗುತ್ತಲೇ ಗೇಟು ಸ್ವಲ್ಪ ಹಿಗ್ಗಿಸಿ ನನ್ನ ಭುಜದಾಚೆಗೆ ನೋಡಿದಳು. ಮಗ್ಗು ಕೈಯಿಂದ ಬಿತ್ತು. "ಜೆಜು!" ಎಂದು ಏಸುವನ್ನು ಕರೆದವಳೇ ನನ್ನ ಸೆರಗು ಹಿಡಿದು ಒಳಗೆ ಎಳೆದು ಗೇಟು ಬಡಿದು ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಹೊರಗೆ ಸರಪಳಿಯ ಸದ್ದು ಹತ್ತಿರ ಬಂತು. ಗೇಟಿನ ಕೆಳಗಿನ ಸಂದಿಯಲ್ಲಿ ಎರಡು ಪಾದ ಕಂಡವು. ನೆಲದ ಮೇಲೆ ಹರಿದುಹೋಗುತ್ತಿದ್ದ ಮಗ್ಗಿನ ನೀರನ್ನು ಅದು ನೆಕ್ಕಿತು. ನಾಯಿ ನನ್ನ ಕೈ ಬಿಟ್ಟು ನನ್ನ ಕಂಕುಳೊಳಗೆ ಮುಖ ತೂರಿಸಿದ. ನಾವು ಮೂವರೂ ಉಸಿರಾಡಲಿಲ್ಲ.

ಅಷ್ಟರಲ್ಲಿ ಪಿಕಪ್ ಗಾಡಿಯೊಂದು ಗಕ್ಕನೆ ನಿಂತ ಸದ್ದು, ಹುಡುಗರ ಕೂಗಾಟ, ಯಲ್ಲಾ ಯಲ್ಲಾ. ನರ್ಸು ನನ್ನನ್ನು ಅವಳ ಮನೆಯೊಳಗೆ ದೂಡಿದಳು. ಕಿಟಕಿಯಿಂದ ನೋಡಿದೆವು. ಹೆಲೂ ಎಂದು ಫೋಟೋ ತೆಗೆದಿದ್ದ ಅದೇ ಎದುರುಮನೆಯ ಹುಡುಗ ಹಸಿ ಕೋಳಿ ಹಿಡಿದು ಮುದ್ದು ಮಾತಾಡುತ್ತ ಹತ್ತಿರ ಬಂದ. ಇನ್ನಿಬ್ಬರು ಕಂಬಳಿ ಹಾಕಿ ಅದನ್ನು ತಬ್ಬಿ ಹಿಡಿದರು. ಕಂಬಳಿಯಡಿಯಿಂದ ಅದು ನರಳಿತು. ಆ ನರಳಿಕೆಯಲ್ಲಿ ಕಾಡು ಇರಲಿಲ್ಲ. ಕಂಬಳಿ ಸರಿದಲ್ಲಿ ಅದಕ್ಕೂ ನಮ್ಮ ನಾಯಿಯ ಹಾಗೆಯೇ ಪಕ್ಕೆಲುಬು ಕಾಣುತ್ತಿತ್ತು. ಅವರು ಅದನ್ನು ಗೋಡೆಯಾಚೆ ತಳ್ಳಿಕೊಂಡು ಹೋದರು.

ಮಗಳು ಕಿವಿಯಿಂದ ಹಾಡು ತೆಗೆದು ಬಂದವಳು ನನ್ನ ಸೀರೆಯ ಮೇಲಿನ ರಕ್ತ ನೋಡಿ ಅತ್ತಳು. ನರ್ಸು ನನ್ನ ಕೈಯನ್ನು ನಲ್ಲಿಯಡಿ ಹಿಡಿದು ಸೋಪು ಹಾಕಿ ತೊಳೆದಳು, ತೊಳೆಯುತ್ತಲೇ ಇದ್ದಳು. "ಇವನಿಗೆ ಇಂಜೆಕ್ಷನ್ ಎಲ್ಲ ಆಗಿದೆ ಕಣೇ," ಎಂದೆ. "ನಿಮಗೆ ಆಗಿಲ್ಲ. ಬೆಳಗ್ಗೆ ಎದ್ದ ಕೂಡಲೇ ಕ್ಲಿನಿಕ್ಕಿಗೆ," ಎಂದಳು. ಆಮೇಲೆ ಕೈಗೆ ಪಟ್ಟಿ ಕಟ್ಟಿದಳು.

ಯಜಮಾನರು ಬಂದಾಗ ಮೂವರೂ ಒಟ್ಟಿಗೆ ಹೇಳಿದೆವು. ಅವರು ಚಿಲ್ಲರಿನ ಮಾತೆತ್ತಲಿಲ್ಲ. ಕುರ್ಚಿಯಲ್ಲಿ ಕೂತು ಬೂಟಿನ ಲೇಸು ಬಿಚ್ಚುವುದನ್ನು ಅರ್ಧಕ್ಕೇ ನಿಲ್ಲಿಸಿದರು.

"ಯಾರಿಗೂ ಹೇಳೋಕೆ ಹೋಗ್ಬೇಡ. ಅವರು ಈ ದೇಶದವರು. ನಾವು ಇಕಾಮಾ ಮೇಲೆ ಇರೋರು. ಕಂಪ್ಲೇಂಟ್ ಗಿಂಪ್ಲೇಂಟ್ ಅಂತ ಹೋದ್ರೆ ನಾಳೆ ನಮ್ಮ ಮೇಲೇ ಬರತ್ತೆ. ಬೇಕಾದ್ರೆ ನಾಯೀನ ಯಾರಿಗಾದ್ರೂ ಕೊಡೋಣ."

ನನಗೂ ಆ ಭಯ ಇತ್ತು. ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಹೋದರೆ ಕೆಲಸ, ಮನೆ, ಮಗಳ ಶಾಲೆ, ಎಲ್ಲ ಹೋದಂತೆ. ಆದರೆ ನಾಯಿ ನನ್ನ ಪಾದದ ಮೇಲೆ ಗದ್ದವಿಟ್ಟು ಮಲಗಿದ್ದ, ಹೊಟ್ಟೆಯಲ್ಲಿ ಏನೂ ಇಲ್ಲದೆ. ಆ ಸದ್ದು ಇರುವವರೆಗೆ ಅವನು ತಿನ್ನುವುದಿಲ್ಲ. ಯಾರಿಗೆ ಕೊಟ್ಟರೂ ಅವರು ಇವನ ಜೋರು ತಡೆದುಕೊಳ್ಳುವುದಿಲ್ಲ.

"ಪೊಲೀಸರಿಗೆ ಬೇಡ. ಮನೆ ಮಾಲೀಕರಿಗೆ ಹೇಳಿ. ನೀವು ಹೇಳದಿದ್ರೆ ನಾನೇ ಫೋನ್ ಮಾಡ್ತೀನಿ, ನನ್ನ ಅರಬ್ಬಿಯಲ್ಲಿ."

ನನ್ನ ಅರಬ್ಬಿ ಬಕಾಲಾದ ಅರಬ್ಬಿ. ಮೊಸರು, ಈರುಳ್ಳಿ, ಬೇಗ ಕಳಿಸಿ, ಅಷ್ಟೇ. ಯಜಮಾನರು ನನ್ನ ಮುಖ ನೋಡಿದರು. "ಬೇಡ ಮಾರಾಯ್ತಿ. ದೂರು ಹೇಳೋ ಬದಲು ಸಿಂಹಕ್ಕೆ ಈರುಳ್ಳಿ ಆರ್ಡರ್ ಮಾಡ್ತೀಯ," ಎಂದು ಫೋನ್ ತೆಗೆದರು.

ಮಾಲೀಕರು ವಯಸ್ಸಾದವರು, ಮೇಲಿನ ಮನೆಯಲ್ಲೇ ಮೊಮ್ಮಕ್ಕಳ ಜೊತೆ ಇರುವವರು. ಫೋನಿನಲ್ಲಿ ಎಲ್ಲ ಕೇಳಿಕೊಂಡರು. ಕೋಲು ಊರುತ್ತ ಮೆಟ್ಟಿಲಿಳಿದು ಬೀದಿ ದಾಟಿ ಎದುರುಮನೆಯ ದಿವಾನಿಯಾದೊಳಗೆ, ಗಂಡಸರು ಕೂತು ಮಾತಾಡುವ ಕೋಣೆಗೆ ಹೋದದ್ದನ್ನು ಕಿಟಕಿಯಿಂದ ಕಂಡೆವು. ಬಹಳ ಹೊತ್ತು ಅವರ ದನಿ ಕೇಳುತ್ತಿತ್ತು. ವಾಪಸು ಬಂದು ನಮ್ಮ ಬಾಗಿಲಲ್ಲಿ ನಿಂತು ನನ್ನ ಕೈಯ ಪಟ್ಟಿ ನೋಡಿ, ನಾಯಿಯನ್ನು ನೋಡಿ ಹೇಳಿದರು: ಬೆಳಗ್ಗೆ ಅದನ್ನು ಊರಾಚೆಯ ತೋಟಕ್ಕೆ ಕಳಿಸುತ್ತಾರೆ, ಹುಡುಗನ ತಂದೆ ಮಾತು ಕೊಟ್ಟಿದ್ದಾರೆ. ಇವತ್ತೊಂದು ರಾತ್ರಿ ಒಳಗೆ ಕಟ್ಟಿರುತ್ತಾರೆ. ಖಲಾಸ್.

ಆ ಒಂದು ರಾತ್ರಿ ಇತ್ತಲ್ಲ. ಗಟ್ಟಿ ಸರಪಳಿ ಹಾಕಿದ್ದಾರೋ ಇಲ್ಲವೋ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅಂಗಳದ ಬಾಗಿಲಿಗೆ ಊಟದ ಮೇಜು ಅಡ್ಡ ಇಟ್ಟೆವು. ಯಜಮಾನರು ಬ್ಯಾಡ್ಮಿಂಟನ್ ರ‍್ಯಾಕೆಟ್ ಹಿಡಿದು ಬಾಗಿಲೆದುರು ಕುರ್ಚಿ ಹಾಕಿಕೊಂಡರು. "ನೀವು ಮಲ್ಕೊಳ್ಳಿ, ನಾನಿದೀನಿ."

ಅನ್ನ, ಬೆಳಗಿನ ಬದನೆಕಾಯಿ ಪಲ್ಯ, ಮೊಸರು ಉಂಡೆವು. ನನ್ನ ಬಲಗೈಗೆ ಪಟ್ಟಿ ಇದ್ದುದರಿಂದ ಮಗಳು ಕಲಸಿ ತಿನ್ನಿಸಿದಳು, ಉಪ್ಪು ಹಾಕುವುದು ಮರೆತಿದ್ದಳು. ನರ್ಸು ಕೋರಿರೊಟ್ಟಿಯ ಒಣ ರೊಟ್ಟಿ ನಾಲ್ಕು ತಂದುಕೊಟ್ಟಳು. ಅದರಲ್ಲಿ ಒಂದು ಚೂರನ್ನು ನಾಯಿ ನನ್ನ ಎಡಗೈಯಿಂದ ತೆಗೆದುಕೊಂಡು ಮಂಚದಡಿ ಹೋಗಿ ತಿಂದ. ಕರುಮುರು ಸದ್ದು ಕೇಳಿತು, ಇನ್ನೊಂದು ಕೊಟ್ಟೆ, ಅದನ್ನೂ ಕಚ್ಚಿಕೊಂಡು ಹೋದ. ಮಗಳು ದೀಪ ಆರಿಸಲು ಬಿಡದೆ ನನ್ನ ಪಕ್ಕ ಮಲಗಿ ಕಣ್ಣು ಬಿಟ್ಟುಕೊಂಡೇ ಇದ್ದಳು. ಗೋಡೆಯಾಚೆ ಅದು ಒಮ್ಮೆ ನರಳಿತು. ಮಂಚದಡಿಯ ಕರುಮುರು ನಿಂತಿತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಯಿತು. ಮೊದಲು ನಿದ್ದೆ ಹೋದವರು ಕಾವಲಿಗೆ ಕೂತ ನಮ್ಮ ಯಜಮಾನರು.